ಎರಡನೆಯ ಥಾಮಸ್

ಫೆಬ್ರವರಿ 28, ಬುಧವಾರ

ಮತ್ತೆ ತಪ್ಪು ಕಸದ ಬಿನ್ ಹೊರಗಿಟ್ಟಿದ್ದೆ. ಎದುರು ಮನೆಯವರು ನಗುತ್ತಾ ಬಂದು ಬದಲಾಯಿಸಿಟ್ಟರು. ಬಿನ್, ಬಾಯ್ಲರ್, ಕೌನ್ಸಿಲ್ ಟ್ಯಾಕ್ಸ್ ಎಲ್ಲ ನಮ್ಮ ಯಜಮಾನರ ಖಾತೆಯಾಗಿತ್ತು. ಇವರು ತೀರಿಹೋಗಿ ನಾಲ್ಕು ತಿಂಗಳಾಯಿತು. ನನಗಿನ್ನೂ ಯಾವ ವಾರ ಯಾವ ಬಣ್ಣ ಅನ್ನುವುದು ತಲೆಗೆ ಹತ್ತಿಲ್ಲ.

ಆಮೇಲೆ ಲೈಬ್ರರಿ. ಸುಚೇತಾ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಕೂತುಕೊಂಡೇ ನನ್ನ ಹೆಸರು ಬರೆಸಿಬಿಟ್ಟಿದ್ದಳು. ಬುಧವಾರದ ಫ್ಯಾಮಿಲಿ ಹಿಸ್ಟರಿ ಗುಂಪು. "ಅಮ್ಮಾ, ಮನೇಲೇ ಕೂತಿದ್ರೆ ನೀನೂ ಫರ್ನಿಚರ್ ಆಗ್ಬಿಡ್ತೀಯ. ಅಟ್ ಲೀಸ್ಟ್ ಟೀ ಕುಡಿದು ಬಾ." ಮಗಳು ಜಿಪಿ, ಡಾಕ್ಟರು. ಪೇಶೆಂಟುಗಳಿಗೆ ಹೇಳಿದ ಹಾಗೇ ನನಗೂ ಹೇಳುತ್ತಾಳೆ.

ಐದಾರು ಜನ. ನಾನೇ ಚಿಕ್ಕವಳು! ಬ್ರೆಂಡಾ ಎಂಬುವವರು ಲೀಡರ್, ಪೋಸ್ಟ್ ಆಫೀಸಿನಿಂದ ರಿಟೈರ್ ಆದವರು. ಯಾರ್ಯಾರದೋ ಮುತ್ತಜ್ಜಂದಿರನ್ನು ಹುಡುಕುವುದು ಗುಂಪಿನ ಕೆಲಸ. ನಿಮಗೇನು ಬರುತ್ತದೆ ಅಂತ ಕೇಳಿದರು. ಎಸ್ಸೆಸ್ಸೆಲ್ಸಿ ಪಾಸು, ಅಕ್ಷರ ದುಂಡಗಿದೆ ಅಂದೆ. ಎಸ್ಸೆಸ್ಸೆಲ್ಸಿ ಅಂದರೇನು ಅಂತ ವಿವರಿಸುವಷ್ಟರಲ್ಲಿ ಟೀ ಆರಿತು.

ಮಾರ್ಚ್ 6, ಬುಧವಾರ

ಕೆಲಸ ಸಿಕ್ಕಿತು. ಅಮೆರಿಕದ ಓಹಾಯೊದಲ್ಲಿ ಲೊರೇನ್ ಪಾರ್ಕ್ಸ್ ಅಂತ ಒಬ್ಬರು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಅವರ ಪೂರ್ವಿಕರು ಇಲ್ಲೇ ಹತ್ತಿರದ ಕ್ರೇಡ್ಲಿಯಲ್ಲಿ ಕಬ್ಬಿಣ ಕಾಯಿಸಿ ಮೊಳೆ ಬಡಿಯುತ್ತಿದ್ದರಂತೆ, ಕುಲುಮೆ ಕೆಲಸ. ಮೇ ತಿಂಗಳಲ್ಲಿ ಬರುತ್ತಾರೆ. ಅಷ್ಟರಲ್ಲಿ ಅವರ ವಂಶವೃಕ್ಷ ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಬರೆದುಕೊಡಬೇಕು. ಕಂಪ್ಯೂಟರಿನಲ್ಲಿ ಆಗುವುದಿಲ್ಲವೇ ಅಂದೆ. ಆಗುತ್ತದೆ, ಆದರೆ ಅವರಿಗೆ ಕೈಬರಹವೇ ಬೇಕಂತೆ.

ಅವರ ಟಿಪ್ಪಣಿಗಳ ಕಟ್ಟು ಮನೆಗೆ ತಂದೆ. ಅಡುಗೆ ಮರೆತು ಓದಿದೆ. "ಹ್ಯಾನ್ನಾ: ಹಡಗಿನಲ್ಲಿ ಕೋಳಿ ಸಾಕಿಕೊಂಡು ಬಂದಳಂತೆ. ಪುರಾವೆ ಇಲ್ಲ. ಆದರೂ ನಾನು ನಂಬುತ್ತೇನೆ." "ಅಂಕಲ್ ಹಾರ್ವಿ: ಮದುವೆ ಮೂರು, ದಾಖಲೆ ಎರಡು." ಒಬ್ಬಳೇ ಗಟ್ಟಿಯಾಗಿ ನಕ್ಕೆ. ಈ ಮನೆಗೆ ಆ ಸದ್ದು ಹೊಸದಾಗಿ ಕೇಳಿಸಿತು.

ಮಾರ್ಚ್ 19

ಡೈನಿಂಗ್ ಟೇಬಲ್ ತುಂಬ ಪೇಪರ್. ಕೆಳಗೆ ಲೊರೇನ್, ಮೇಲಕ್ಕೆ ಅಪ್ಪ, ಅಜ್ಜ... ಹಾಗೇ ಏರುತ್ತಾ ಸ್ಯಾಮ್ಯುಯೆಲ್ ಪಾರ್ಕ್ಸ್ ಮತ್ತು ಹ್ಯಾನ್ನಾ. ಗಂಡ ಹೆಂಡತಿ, ಅಮೆರಿಕಕ್ಕೆ ಹೋದ ಮೊದಲಿಗರು. ಸ್ಯಾಮ್ಯುಯೆಲ್‌ನ ತಾಯಿ ಆ್ಯನ್. ಹ್ಯಾನ್ನಾಳ ತಂದೆ ಜೋಸೆಫ್. ಆ್ಯನ್, ಜೋಸೆಫ್ ಇಬ್ಬರ ತಂದೆಯೂ ಥಾಮಸ್ ಡ್ಯಾಂಕ್ಸ್. ಬರೆದು ಮುಗಿಸಿದೆ. ಪರ್ಮನೆಂಟ್ ಮಾರ್ಕರ್, ಒಂದೂ ಚಿತ್ತಿಲ್ಲ. ಸುತ್ತ ಬಳ್ಳಿ ಅಂಚು ಬೇರೆ ಬಿಡಿಸಿದೆ.

ಮಾರ್ಚ್ 20, ಬುಧವಾರ

ಚಾರ್ಟ್ ಬಿಚ್ಚಿದೆ. ಎಲ್ಲರೂ ಆಹಾ ಅಂದರು. ಬ್ರೆಂಡಾ ಮಾತ್ರ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಲಕ್ಷ್ಮೀ, ನೀವು ಥಾಮಸರನ್ನು ಸೇರಿಸಿಬಿಟ್ಟಿದ್ದೀರಿ."

"ಹೌದು. ಒಬ್ಬನೇ ಅಲ್ಲವೇ?"

"ಲೊರೇನ್ ಪ್ರಕಾರ ಇಬ್ಬರು. ಆ್ಯನ್‌ಳ ಅಪ್ಪ ಮೊದಲನೆಯವನು. ಜೋಸೆಫ್‌ನ ಅಪ್ಪ ಎರಡನೆಯವನು. ಟಿಪ್ಪಣಿಯಲ್ಲಿ ನಂಬರ್ ಹಾಕಿದ್ದಾರೆ."

ನೋಡಿದರೆ ನಿಜ. ನಂಬರನ್ನು ನಾನು ಗಮನಿಸಿಯೇ ಇರಲಿಲ್ಲ. ಇಬ್ಬರೂ ಕ್ರೇಡ್ಲಿ, ಇಬ್ಬರೂ ಮೊಳೆ ಬಡಿಯುವವರು, ಇಬ್ಬರ ಮನೆಯೂ ಒಂದೇ ಓಣಿ, ಇಬ್ಬರ ಹೆಂಡತಿಯೂ ಸಾರಾ. ಎರಡನೆಯವನ ಎದುರು ಲೊರೇನ್ ಬರೆದಿದ್ದಾರೆ: "ಹುಟ್ಟಿದ ದಾಖಲೆ ಸಿಕ್ಕಿಲ್ಲ. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದೇನೆ."

"ಸಿಗುವುದಾದರೂ ಹೇಗೆ?" ಅಂದೆ.

ಬ್ರೆಂಡಾ ಬಿಸ್ಕೆಟ್ ಡಬ್ಬಿ ನನ್ನ ಕಡೆ ತಳ್ಳಿದರು. ಮೆಲ್ಲಗೆ ಹೇಳಿದರು, "ಇಬ್ಬರೂ ಒಬ್ಬನೇ ಅಂತ ನನಗೂ ಗೊತ್ತು. ಎರಡು ವರ್ಷದಿಂದ ಗೊತ್ತು. ಆದರೆ ಪಾಪ, ನಿಮ್ಮ ಹಿರಿಯರು ಕಸಿನ್ಸ್ ಮದುವೆಯಾಗಿದ್ದರು ಅಂತ ಹೇಗೆ ಹೇಳುವುದು? ಅಮೆರಿಕದವರು. ಬೇಜಾರು ಮಾಡಿಕೊಳ್ಳುತ್ತಾರೆ."

ಇನ್ನೊಂದು ಚಾರ್ಟ್ ಬರೆದುಕೊಡಿ ಅಂದರು. ಇಬ್ಬರು ಥಾಮಸರದ್ದು. ಆಗಲಿ ಅಂದೆ. ನಾನು ಯಾಕೆ ಒಬ್ಬನೇ ಅಂದುಕೊಂಡೆ ಅಂತ ಅವರು ಕೇಳಲಿಲ್ಲ. ಸದ್ಯ.

ಮಾರ್ಚ್ 22

ಇಲ್ಲಿ ಬರೆಯಬಹುದು. ಯಾರು ಓದುತ್ತಾರೆ?

ಸ್ಯಾಮ್ಯುಯೆಲ್ ಸೋದರಮಾವನ ಮಗಳನ್ನು ಮದುವೆಯಾದ. ಇವರೂ ಹಾಗೇ. ಇವರ ಅಮ್ಮ ನನ್ನ ಅಪ್ಪನ ಅಕ್ಕ. ನಮ್ಮ ಎರಡೂ ಕಡೆಯ ಗೆರೆ ಒಬ್ಬನೇ ಅಜ್ಜನ ಹತ್ತಿರ ಹೋಗಿ ಸೇರುತ್ತದೆ. ಅದಕ್ಕೇ ಕೈ ತಾನಾಗಿ ಸೇರಿಸಿತು.

ಸುಚೇತಾಗೆ ಎಂಟು ವರ್ಷವಿದ್ದಾಗ ಶಾಲೆಯಲ್ಲಿ ಇದನ್ನು ಹೇಳಿಬಿಟ್ಟಿದ್ದಳು. ಮಕ್ಕಳು ಏನೋ ಅಂದರು. ಅಳುತ್ತಾ ಬಂದಳು. ಮಗಳು ಅತ್ತರೆ ಇವರಿಗೆ ತಡೆಯುತ್ತಿರಲಿಲ್ಲ. "ಬಿಡು ವರು, ಇನ್ನು ಆ ಸುದ್ದಿ ಈ ಮನೇಲಿ ಬೇಡ" ಅಂದರು. ಇವರಿಗೆ ಮಾತ್ರ ನಾನು ಲಕ್ಷ್ಮಿಯಲ್ಲ, ವರು. ಅಂದಿನಿಂದ ಊರಿನ ಕಥೆಗಳೇ ನಿಂತವು. ಯಾವ ಕಥೆ ಎತ್ತಿದರೂ ಇಬ್ಬರೂ ಒಂದೇ ಅಂಗಳದಲ್ಲಿ ಇರುತ್ತಿದ್ದೆವಲ್ಲ. ಮೈಸೂರು, ಒಂಟಿಕೊಪ್ಪಲು, ಅತ್ತೆ ಮನೆ, ಬೇಸಿಗೆ ರಜೆ...

ಗಂಡ ಹೋದರು ಅಂತ ಎಲ್ಲರೂ ಸಮಾಧಾನ ಹೇಳಿದರು. ಕಾರ್ಡ್ ಬಂತು, ಹೂ ಬಂತು. ಮದುವೆಗೆ ಮೊದಲು ಇವರು ನನಗೆ ಮೋಹನ ಭಾವ. ಆ ಮೋಹನ ಭಾವ ಹೋದ ಅಂತ ಯಾರ ಹತ್ತಿರ ಹೇಳಲಿ? ಆ ಹುಡುಗನನ್ನು ಕಂಡವಳು ಈಗ ಉಳಿದಿರುವುದು ನಾನೊಬ್ಬಳೇ.

ಏಪ್ರಿಲ್ 9, ಯುಗಾದಿ

ಈ ವರ್ಷ ನಮಗೆ ಹಬ್ಬವಿಲ್ಲ. ಹಾಗಂತ ರಜನಿ ಬಿಟ್ಟಾರೆಯೇ? ಲೆಮಿಂಗ್ಟನ್ನಿನಿಂದ ಕಾರು ಓಡಿಸಿಕೊಂಡು ಬಂದರು. ಧಾರವಾಡದವರು, ಅವರ ಯಜಮಾನರೂ ನಮ್ಮವರೂ ಒಂದೇ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವರು. ಡಬ್ಬಿ ತುಂಬ ಹೋಳಿಗೆ.

"ನೀವು ಮಾಡಬಾರದು ಖರೆ, ತಿನ್ನಬಾರದು ಅಂತ ಯಾರೂ ಹೇಳಿಲ್ಲ. ತುಪ್ಪ ಎಲ್ಲೈತ್ರಿ?"

ಟೇಬಲ್ ಮೇಲೆ ಚಾರ್ಟ್ ಹಾಗೇ ಬಿದ್ದಿತ್ತು. ಪಕ್ಕದಲ್ಲಿ ಖಾಲಿ ಪೇಪರ್. ಎರಡನೆಯ ಥಾಮಸನನ್ನು ಬರೆಯಲು ಕೂತು ಕೂತು ಎದ್ದಿದ್ದೇನೆ. ಏನಿದು ಅಂತ ಕೇಳಿದರು. ಹೇಳಿದೆ. ಹೇಳುತ್ತಾ ನಮ್ಮದೂ ಬಾಯಿಂದ ಬಂದುಬಿಟ್ಟಿತು. ಮೂವತ್ತು ವರ್ಷದ ಗೆಳತಿಗೆ ಇವತ್ತು ಹೇಳಿದೆ!

ರಜನಿ ಹೋಳಿಗೆ ಕೆಳಗಿಟ್ಟರು. "ಇಷ್ಟ ಏನ್ರಿ? ನಾ ಏನೋ ಖೂನಿ ಮಾಡೀರಿ ಅನ್ಕೊಂಡೆ. ನಮ್ಮವ್ವನ್ನ ಆಕಿ ಸೋದರಮಾವಗs ಕೊಟ್ಟಾರ. ನಮ್ಮಪ್ಪ ನನಗ ಅಪ್ಪನೂ ಹೌದು, ಅಜ್ಜಿ ತಮ್ಮನೂ ಹೌದು. ಸಣ್ಣಾಕಿ ಇದ್ದಾಗ ಅಪ್ಪಾ ಅನ್ಲೋ ಅಜ್ಜಾ ಅನ್ಲೋ ಅಂತ ಕೇಳಿ ಬೈಸಿಕೊಂಡೀನಿ."

"ನೀವೂ ಯಾವತ್ತೂ ಹೇಳಲಿಲ್ಲವಲ್ಲ?"

"ನೀವು ಕೇಳಿದ್ರೇನು?"

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಹೋಗುವಾಗ ಬಾಗಿಲಲ್ಲಿ ನಿಂತು ಅಂದರು, "ಇಲ್ಲದ ಮನಷ್ಯಾನ ನಿಮ್ಮ ಕೈಲೆ ಬರೀಬ್ಯಾಡ್ರಿ. ಪಾಪ ಆಕಿ ಇನ್ನೂ ಹನ್ನೊಂದು ವರ್ಷ ಹುಡುಕ್ಕೋತ ಕೂಡ್ತಾಳ."

ಏಪ್ರಿಲ್ 14, ಭಾನುವಾರ

ಸುಚೇತಾಗೆ ಫೋನಿನಲ್ಲಿ ಹೇಳಿದೆ. ಒಬ್ಬನೇ ಥಾಮಸ್ ಇರುವ ಚಾರ್ಟನ್ನೇ ಕೊಡುತ್ತೇನೆ, ಲೊರೇನ್ ಕೇಳಿದರೆ ನಮ್ಮ ವಿಷಯವನ್ನೂ ಹೇಳುತ್ತೇನೆ ಅಂತ.

"ಅಮ್ಮಾ, ಪ್ಲೀಸ್. ಬೇಡ. ನಾನು ಕ್ಲಿನಿಕ್ಕಲ್ಲಿ ಜನಕ್ಕೆ ಇಂಥ ಮದುವೆಯ ರಿಸ್ಕ್ ಬಗ್ಗೆನೇ ಲೀಫ್‌ಲೆಟ್ ಕೊಡ್ತೀನಿ. ಆ ಲೀಫ್‌ಲೆಟ್ ನಾನೇ ಅಂತ ಗೊತ್ತಾದ್ರೆ?"

"ನಿನಗೇನಾಗಿದೆ?"

"ಮೈನಸ್ ಸಿಕ್ಸ್ ಕನ್ನಡಕ."

"ಅದು ಹೊದಿಕೆಯೊಳಗೆ ಟಾರ್ಚ್ ಹಾಕಿಕೊಂಡು ಓದಿದ್ದಕ್ಕೆ."

ನಗಲಿಲ್ಲ. "ಅಪ್ಪಾನೇ ಬೇಡ ಅಂದಿದ್ರಲ್ಲಮ್ಮ" ಅಂದಳು. ರಿಸ್ಕಿನ ಬಗ್ಗೆ ಅವಳು ಹೇಳಿದ್ದೂ ಸುಳ್ಳಲ್ಲ. ನಮ್ಮ ಅದೃಷ್ಟ ಚೆನ್ನಾಗಿತ್ತು, ಎಲ್ಲರದೂ ಇರುವುದಿಲ್ಲ.

ಸಂಜೆ ಕೂತು ಎರಡನೆಯ ಚಾರ್ಟ್ ಬರೆದೆ. ಇಬ್ಬರು ಥಾಮಸರು, ಇಬ್ಬರು ಸಾರಾಗಳು. ಅಕ್ಷರ ಮಾತ್ರ ದುಂಡಗೆ ಬರಲಿಲ್ಲ.

ಮೇ 8, ಬುಧವಾರ

ಎರಡನ್ನೂ ಸುತ್ತಿಕೊಂಡು ಹೋದೆ. ಬಸ್ಸಿನಲ್ಲಿ ಮನಸ್ಸು ಅತ್ತ ಒಮ್ಮೆ, ಇತ್ತ ಒಮ್ಮೆ.

ಲೊರೇನ್ ಎತ್ತರದ ಹೆಂಗಸು, ಬಿಳಿ ಶೂ, ಬಸ್ಸಿನ ಹಾರನ್ನಿನಂಥ ದನಿ. ಬಂದವರೇ ನನ್ನ ಎರಡೂ ಕೈ ಹಿಡಿದರು. ಜುಲೈನಲ್ಲಿ ಅಲ್ಲಿ ಇಡೀ ವಂಶ ಸೇರುತ್ತದಂತೆ, ಎಂಬತ್ತು ಜನ. ಗೋಡೆ ಖಾಲಿ ಮಾಡಿಟ್ಟು ಬಂದಿದ್ದಾರೆ. "ಒಂದೇ ಕೊರತೆ. ಆ ಎರಡನೇ ಥಾಮಸ್. ಬರ್ಮಿಂಗ್‌ಹ್ಯಾಮ್, ವೂಸ್ಟರ್, ಎಲ್ಲ ಕಡೆ ದಾಖಲೆ ನೋಡಲು ಇನ್ನೂ ಹತ್ತು ದಿನ ಇಟ್ಟುಕೊಂಡಿದ್ದೇನೆ."

ಹತ್ತು ದಿನ. ಬಿಸಿಲಿರುವ ಮೇ ತಿಂಗಳ ಹತ್ತು ದಿನ! ಒಬ್ಬನೇ ಥಾಮಸ್ ಇರುವುದನ್ನು ಬಿಚ್ಚಿದೆ. ಬ್ರೆಂಡಾ ಕಿಟಕಿಯ ಕಡೆ ನೋಡಿದರು.

ಲೊರೇನ್ ಬೆರಳಿಟ್ಟು ಏರಿದರು. ಹ್ಯಾನ್ನಾ, ಜೋಸೆಫ್, ಥಾಮಸ್. ಕೆಳಗಿಳಿದು ಮತ್ತೆ ಏರಿದರು. ಸ್ಯಾಮ್ಯುಯೆಲ್, ಆ್ಯನ್, ಥಾಮಸ್. ಬೆರಳು ಅಲ್ಲೇ ನಿಂತಿತು. ಕೆಟಲ್ ಕೂಡ ಆಗಲೇ ಕುದಿದು ನಿಲ್ಲಬೇಕೇ?

"ನಿಮಗೆ ಹೇಗೆ ತಿಳಿಯಿತು?"

"ನನ್ನ ಗಂಡ ನನ್ನ ಸೋದರತ್ತೆಯ ಮಗ" ಅಂದೆ. ಇಂಗ್ಲಿಷಿನಲ್ಲಿ ಅದು ಉದ್ದವಾಯಿತು. ಅಪ್ಪ, ಅಪ್ಪನ ಅಕ್ಕ, ಅವರ ಮಗ. ಮೂರು ಮೆಟ್ಟಿಲು. "ನಮ್ಮ ಕಡೆ ಇದು ಸಂತೋಷದ ಸಂಬಂಧ. ನಮ್ಮ ಚಾರ್ಟ್ ಬರೆದರೂ ಹೀಗೇ ಇರುತ್ತದೆ."

ಲೊರೇನ್ ನನ್ನನ್ನು ನೋಡಿದರು. ಚಾರ್ಟ್ ನೋಡಿದರು. ಆಮೇಲೆ ಆ ನಗು ಶುರುವಾಯಿತು ನೋಡಿ, ಲೈಬ್ರರಿಯವರು ಬಾಗಿಲು ತೆಗೆದು ಇಣುಕಿದರು. "ಹನ್ನೊಂದು ವರ್ಷ! ಹುಟ್ಟೇ ಇಲ್ಲದವನ ಹುಟ್ಟಿದ ದಿನ ಹುಡುಕಿದ್ದೇನೆ! ಬ್ರೆಂಡಾ, ನಿಮಗೆ ಗೊತ್ತಿತ್ತಾ?"

"ಸ್ವಲ್ಪ ಅನುಮಾನವಿತ್ತು" ಅಂದರು ಬ್ರೆಂಡಾ, ಕಿಟಕಿಗೆ.

ಬೇಜಾರಾಯಿತೇ ಅಂತ ಕೇಳಿದೆ. ಲೊರೇನ್ ಕಣ್ಣೊರೆಸಿಕೊಂಡರು. ಊರಲ್ಲಿ ಅಣ್ಣ ಸ್ವಲ್ಪ ಹಾರಾಡುತ್ತಾನೆ, ಹಾರಾಡಲಿ ಅಂದರು. ಆಮೇಲೆ ಪಕ್ಕ ಬಂದು ಕೂತರು. "ನನ್ನ ಗಂಡನನ್ನು ನಾನು ಮೊದಲು ನೋಡಿದ್ದೇ ಮೂವತ್ತನೇ ವಯಸ್ಸಿನಲ್ಲಿ. ಹೋಗಿ ಆರು ವರ್ಷವಾಯಿತು. ನೀವು ಯಾವಾಗಿನಿಂದ ನಿಮ್ಮವರನ್ನು ಬಲ್ಲಿರಿ?"

"ನೆನಪಿರುವಾಗಿನಿಂದ."

"ಹುಡುಗನಾಗಿದ್ದಾಗ ಹೇಗಿದ್ದರು?"

ಬಾಯಿ ತೆರೆದೆ. ಏನೂ ಬರಲಿಲ್ಲ. ಅಷ್ಟು ವರ್ಷ ಮುಚ್ಚಿಟ್ಟ ಬಾಗಿಲು, ಒಂದೇ ಸಲ ತಳ್ಳಿದರೆ ತೆರೆಯುತ್ತದೆಯೇ? "ತುಂಟ" ಅಂದೆ. ಅಷ್ಟೇ. ಎರಡನೆಯ ಚಾರ್ಟನ್ನು ಬಿಚ್ಚಲೇ ಇಲ್ಲ.

ಮೇ 11, ಶನಿವಾರ

ಕ್ರೇಡ್ಲಿಗೆ ಹೋಗಿಬಂದೆವು. ಸುಚೇತಾ ಕಾರು ತರುತ್ತೇನೆಂದು ಮೊದಲೇ ಒಪ್ಪಿದ್ದಳು. ಲೈಬ್ರರಿಯಲ್ಲಿ ಆದದ್ದು ಅವಳಿಗೆ ಹೇಳಿರಲಿಲ್ಲ. ಊಟ ಮಾಡಿದ ಮೇಲೆ ನಿಧಾನವಾಗಿ ಹೇಳೋಣ ಅಂತಿದ್ದೆ.

ಲೊರೇನ್ ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ, "ಸೋ, ನೀನೂ ನಮ್ಮ ಹಾಗೇ!" ಅಂದರು.

ಸುಚೇತಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಕನ್ನಡದಲ್ಲಿ ಕೇಳಿದಳು, "ಎಷ್ಟು ಜನಕ್ಕೆ ಗೊತ್ತಾಯ್ತಮ್ಮ?"

"ಗುಂಪಿನವರಿಗೆ. ರಜನಿ ಆಂಟಿಗೆ. ಜುಲೈಗೆ ಓಹಾಯೊಗೆ."

ರೌಂಡ್‌ಅಬೌಟನ್ನು ಎರಡು ಸಲ ಸುತ್ತಿದಳು. ಮೋಟರ್‌ವೇ ಸೇರಿದ ಮೇಲೆ ಅವಳ ಭುಜ ಕುಲುಕುವುದು ಕಂಡಿತು. ಅಳುತ್ತಿದ್ದಾಳೆ ಅಂತ ಹೆದರಿದೆ. ನಗುತ್ತಿದ್ದಳು. "ಓಹಾಯೊಗಾ? ಪೂರ್ತಿ ಓಹಾಯೊಗಾ?"

ಥಾಮಸನ ಸಮಾಧಿಯ ಕಲ್ಲು ಸಿಗಲಿಲ್ಲ. ಮೊಳೆ ಬಡಿಯುವವರಿಗೆ ಕಲ್ಲು ಎಲ್ಲಿಂದ ಬರಬೇಕು? ಚರ್ಚಿನ ಹಿಂದೆ ಹುಲ್ಲು, ಡೇಸಿ ಹೂ. ಬೆಂಚಿನ ಮೇಲೆ ಮೂವರೂ ಪುಳಿಯೋಗರೆ ತಿಂದೆವು. ಲೊರೇನ್ ಮೂರು ಸಲ ಹಾಕಿಸಿಕೊಂಡರು. ಹುಲ್ಲಿನ ಕಡೆ ತಿರುಗಿ, "ಥಾಮಸ್, ಇಷ್ಟು ದಿನ ನಿನ್ನನ್ನು ಎರಡು ಮಾಡಿದ್ದೆ, ಸಾರಿ" ಅಂದರು. ಉಳಿದ ದಿನ ಸಮುದ್ರ ನೋಡಲು ಹೋಗುತ್ತಾರಂತೆ.

ಸುಚೇತಾ ಮ್ಯಾಂಚೆಸ್ಟರಿಗೆ ಹೊರಡಲಿಲ್ಲ. ಇಲ್ಲೇ ಉಳಿದಳು.

ಮೇ 12, ಭಾನುವಾರ, ಬೆಳಿಗ್ಗೆ

ಕಾಫಿ ಕುಡಿಯುತ್ತಾ ಕೇಳಿದಳು. "ಅವತ್ತು ಸ್ಕೂಲಿಂದ ನಾನು ಅಳ್ತಾ ಬಂದೆನಲ್ಲ... ಆಮೇಲೆ ನೀವಿಬ್ರೂ ಊರಿನ ಕಥೆ ಹೇಳೋದೇ ನಿಲ್ಲಿಸಿದ್ರಿ ಅಲ್ವಾ? ನನಗೆ ಆಗ ಗೊತ್ತಾಗ್ಲಿಲ್ಲ."

"ನೀನು ಮಗು. ಅಪ್ಪಂಗೆ ನೀನು ಅಳಬಾರದು, ಅಷ್ಟೇ."

"ನನಗೆ ಅಪ್ಪ ಶುರುವಾಗೋದೇ ಟೈ ಹಾಕ್ಕೊಂಡು, ಆಸ್ಪತ್ರೆ ಪೇಜರ್ ಹಿಡ್ಕೊಂಡು. ಅದಕ್ಕೆ ಮುಂಚೆ ಏನೂ ಇಲ್ಲ. ಹೇಳಮ್ಮ. ಚಿಕ್ಕೋರಿದ್ದಾಗಿಂದ ಹೇಳು."

ಎಲ್ಲಿಂದ ಶುರು ಮಾಡಲಿ ಅಂದೆ. ಎಲ್ಲಿಂದಾದರೂ ಅಂದಳು. ಈ ಸಲ ಬಾಯಿ ತೆರೆದರೆ ಬಂತು. ಗಂಟೆ ಎಷ್ಟಾಯಿತೋ. ಅತ್ತೆಯ ಉಪ್ಪಿನಕಾಯಿ ಜಾಡಿ, ಕನ್ನಡಿ ಒಡೆದದ್ದು, ಮಾವ ಅಟ್ಟಿಸಿಕೊಂಡು ಬಂದದ್ದು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಈಗ ಸ್ನಾನಕ್ಕೆ ಹೋಗಿದ್ದಾಳೆ. ಸೈಕಲ್ಲಿನ ಕಥೆ ಅರ್ಧಕ್ಕೆ ನಿಂತಿದೆ. ಮೋಹನ ಭಾವ ಬಾಡಿಗೆ ಸೈಕಲ್ ತಂದು ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿದ. ಇಳಿಜಾರು ಅರ್ಧ ದಾಟಿದ ಮೇಲೆ ತಿರುಗಿ ಹೇಳಿದ, "ವರೂ, ಗಟ್ಟಿ ಹಿಡ್ಕೋ, ಇದಕ್ಕೆ ಬ್ರೇಕ್ ಇಲ್ಲ ಕಣೇ—"

ಇಳಿದು ಬರುತ್ತಿದ್ದಾಳೆ. ಮೆಟ್ಟಿಲ ಮೇಲಿಂದಲೇ ಕೂಗು. "ಅಮ್ಮಾ, ಆಮೇಲೆ? ಬಿದ್ರಾ?"

ಬಿದ್ದೆವಾ ಅಂತೆ! ಬೀಳದೆ...