ಎಲ್ಲಿಯವರೆಗೆ ಸರಿಯಿದೆ

ರಂಗಮಂದಿರದ ಹಿಂದಿನ ಮನೆ,
ಗುರುವಾರ, ಮಾರ್ಚ್ ೧೧

ಪ್ರೀತಿಯ ಸ್ಕ್ರೂರಾಣಿ,

ಸಮುದ್ರದ ಮೇಲೆ ನಿನ್ನ ಹೊಟ್ಟೆ ಈಗ ಹೇಗಿದೆ? ಹಡಗಿನ ರೇಡಿಯೊ ಕೋಣೆಯಲ್ಲಿ ಕೂತರೆ ತಲೆ ಸುತ್ತುತ್ತದೆ ಎಂದು ಬರೆದಿದ್ದೆ. ಊಟ ಬಿಡಬೇಡ, ಖಾಲಿ ಹೊಟ್ಟೆಯನ್ನು ಕಂಡರೆ ಸಮುದ್ರಕ್ಕೆ ಸಲಿಗೆ ಹೆಚ್ಚು ಎನ್ನುತ್ತಾಳೆ ನಿನ್ನ ಅಜ್ಜಿ. ಅವಳು ಕಂಡ ಸಮುದ್ರವೆಲ್ಲ ನಮ್ಮ ನಾಟಕದ ಪರದೆಯ ಮೇಲೆ ಬರೆದದ್ದೇ, ಆದರೂ ಹೇಳುತ್ತಾಳೆ. ನನ್ನ ಮಂಡಿ ಒಂದಿಷ್ಟು ಗೊಣಗುತ್ತದೆ. ಗಂಟಲು ಮಾತ್ರ ಮೂರು ಬೀದಿಗೆ ಮುಟ್ಟುವಷ್ಟು ಗಟ್ಟಿ. "ಅರಚಬೇಡ್ರೀ, ಪಕ್ಕದಲ್ಲೇ ಇದ್ದೀನಿ" ಎಂಬುದನ್ನು ಅಜ್ಜಿ ಇತ್ತೀಚೆಗೆ ಜಪ ಮಾಡಿಕೊಂಡಿದ್ದಾಳೆ.

ಈಗ ಪರದೆ ಏಳಲಿ. ಹೋದ ವಾರದ ಆಟದಲ್ಲಿ, ದರ್ಬಾರಿನ ನಟ್ಟನಡುವೆ, ಮಹಾರಾಜನಾದ ನಿನ್ನ ತಾತ ಮಾತು ಮರೆತು ಕಂಬವಾಗಿ ನಿಂತುಬಿಟ್ಟ. ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿ ಮಾತು ಎತ್ತಿಕೊಟ್ಟಳಂತೆ, ಮತ್ತೆ ಮತ್ತೆ ಎತ್ತಿಕೊಟ್ಟಳಂತೆ. ನನಗೊಂದೂ ಮುಟ್ಟಲಿಲ್ಲ. ಆಟ ಮುಗಿದ ಮೇಲೆ ಮ್ಯಾನೇಜರು, "ಅಮ್ಮಾವ್ರ ದನಿ ಸೋತಿದೆ. ಈ ಶನಿವಾರವೂ ಹೀಗೇ ಆದ್ರೆ ಆ ಸ್ಟೂಲಿನ ಮೇಲೆ ನಮ್ಮ ಬಾಮೈದನ್ನ ಕೂರಿಸ್ತೀನಿ" ಎಂದರು. ಮದುವೆಯಾದಂದಿನಿಂದ ಕತ್ತಲಲ್ಲಿ ಕೂತು ನಮ್ಮೆಲ್ಲರ ಮಾನ ಕಾಯ್ದವಳಿಗೆ ಆ ಸ್ಟೂಲೇ ಸಿಂಹಾಸನ. ಅವಳು ಸಿಡಿಯುತ್ತಾಳೆ ಎಂದು ಕಾದೆ. ಅವಳು ಕನ್ನಡಕ ಒರೆಸಿಕೊಂಡಳು, ಅಷ್ಟೇ. ನಾನು ಬಿಡುತ್ತೇನೆಯೇ? ಎದೆ ತಟ್ಟಿ ಘರ್ಜಿಸಿದೆ: ಸೋತ ದನಿಯನ್ನು ಗೆಲ್ಲಿಸುವ ಯಂತ್ರವನ್ನು ನನ್ನ ಮೊಮ್ಮಗಳು ಮಾಡಿಟ್ಟು ಹೋಗಿದ್ದಾಳೆ.

ಹೌದು, ನೀನು ಬಿಸ್ಕತ್ತಿನ ಡಬ್ಬಿಯೊಳಗೆ ಜೋಡಿಸಿದ ಆ ಬ್ಯಾಟರಿ ಆಂಪ್ಲಿಫೈಯರು. ಅಜ್ಜಿಯ ಕೈಗೆ ಮೈಕು ಕೊಟ್ಟು, ಡಬ್ಬಿಯನ್ನು ಸ್ಟೂಲಿನ ಕೆಳಗಿಟ್ಟು, ಪುಟ್ಟ ಸ್ಪೀಕರನ್ನು ರಂಗದ ಅಂಚಿನ ದೀಪಗಳ ನಡುವೆ ನನ್ನತ್ತ ಮುಖ ಮಾಡಿ ಬಚ್ಚಿಟ್ಟೆವು. ಸ್ವಿಚ್ಚು ಒತ್ತಿದ್ದೇ ತಡ, ಎಲ್ಲರೂ ಕಿವಿ ಮುಚ್ಚಿಕೊಂಡರು. ಗುಂಯ್ ಎಂದು ಕಾರ್ಖಾನೆಯ ಹಾಗೆ ಮೊರೆಯುತ್ತದೆ ಎಂದರು. ನನಗೆ ದೂರದ ಜೇನುಹುಳದಷ್ಟೇ ಅನ್ನಿಸಿತು. ಈಗಿನವರ ಕಿವಿ ಬಲು ನಾಜೂಕು.

ಆಗ ನಡೆಯಿತು ನೋಡು ಚಮತ್ಕಾರ. ಡಬ್ಬಿಯನ್ನು ಸರಿಸಲು ಅಜ್ಜಿ ಅದರ ಬೋಳು ಅಂಚನ್ನು ಮುಟ್ಟಿದಳು, ಮೊರೆತ ಅಡಗಿತು. ಕೈ ತೆಗೆದಳು, ಮತ್ತೆ ಗುಂಯ್. "ನನಗೆ ಹೆದರುತ್ತೆ" ಎಂದಳು, ಈ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ನನ್ನ ಕುತೂಹಲ ಕೆರಳಿತು. ಮರದ ಕತ್ತಿಯಿಂದ ಮುಟ್ಟಿದೆ, ಡಬ್ಬಿ ಕ್ಯಾರೇ ಅನ್ನಲಿಲ್ಲವಂತೆ. ಬೀಗದ ಕೈ ಹಿಡಿದು ಮುಟ್ಟಿದೆ, ತೆಪ್ಪಗಾಯಿತಂತೆ. ಮಂತ್ರಿಯ ಕೈಗವಸು ತೊಟ್ಟು ಮುಟ್ಟಿದೆ, ಮತ್ತೆ ಮೊರೆಯಿತಂತೆ. ನೀನು ಹೇಳುತ್ತಿದ್ದ ಮಾತು ನೆನಪಾಯಿತು: "ತಾತ, ಕೆಟ್ಟಿರೋದನ್ನ ಹುಡುಕಬೇಡಿ. ಎಲ್ಲಿವರೆಗೆ ಸರಿಯಿದೆ ಅಂತ ನೋಡ್ತಾ ಬನ್ನಿ. ಸರಿ ಎಲ್ಲಿ ನಿಲ್ಲುತ್ತೋ ಅದರ ಮುಂದೆಯೇ ಕಳ್ಳ." ಬ್ಯಾಟರಿ ಕಿತ್ತು ಮುಚ್ಚಳ ತೆರೆದೆ. ಮೊರೆತವನ್ನು ತಗಡಿಗೆ ಇಳಿಸಿ ಅಡಗಿಸಲೆಂದು ನೀನು ಡಬ್ಬಿಗೆ ಕಟ್ಟಿದ ಅರ್ತಿಂಗ್ ತಂತಿ ಸರಿಯಾಗಿತ್ತು, ತಿರುಪು ಬಿಗಿಯಾಗಿತ್ತು. ಆದರೆ ಡಬ್ಬಿ ದೀಪಕ್ಕೆ ಮಿನುಗಬಾರದೆಂದು ನಮ್ಮ ಪರದೆ ಬರೆಯುವವನು ತಿರುಪು ಬಿಚ್ಚಿ, ಒಳಗೂ ಹೊರಗೂ ಕಪ್ಪು ಬಣ್ಣ ಬಳಿದು, ಬಣ್ಣದ ಮೇಲೆಯೇ ತಂತಿಯನ್ನು ಬಿಗಿದಿದ್ದ. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರಂತೆ ತಂತಿ ಮತ್ತು ತಗಡು. ಚಾಕುವಿನಿಂದ ಬಣ್ಣವನ್ನು ಅಷ್ಟಗಲ ಕೆರೆದು ತಂತಿಯನ್ನು ಮತ್ತೆ ಬಿಗಿದೆ. ಗುಂಯ್ ಸತ್ತಿತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆಯವನು ಮಾತ್ರ "ಅಂದ ಮಾಡಿದ್ದೂ ತಪ್ಪಾ?" ಎಂದು ಮುಖ ಊದಿಸಿಕೊಂಡ.

ನಾಟಕ ಅಲ್ಲಿಗೆ ಮುಗಿಯಲಿಲ್ಲ. ತಾಲೀಮು ಶುರುವಾಯಿತು. ದರ್ಬಾರಿನಲ್ಲಿ ಬೇಕೆಂದೇ ಮಾತು ನಿಲ್ಲಿಸಿ ಕಾದೆ. ಯಂತ್ರ ಮೌನ. ಮತ್ತೆ ನಿನ್ನ ದಾರಿ ಹಿಡಿದೆ. ಮೈಕು ಬದಲಿಸಿದೆ, ವೈರಿನ ಉದ್ದಕ್ಕೂ ಬೆರಳಾಡಿಸಿದೆ, ಕೊನೆಗೆ ಸ್ಪೀಕರಿನ ಕಾಗದದ ಮೇಲೆ ಅಂಗೈ ಇಟ್ಟೆ. ಅಜ್ಜಿ ಮರೆಯಲ್ಲಿ ಮಾತಾಡಿದಂತೆಲ್ಲ ಕಾಗದ ನನ್ನ ಕೈಯಡಿಯಲ್ಲಿ ಚಿಟ್ಟೆಯ ಹಾಗೆ ಅದುರುತ್ತಿತ್ತು. ಕಟ್ಟಕಡೆಯ ಸಾಲಿನಲ್ಲಿ ಬೆಂಚು ರಿಪೇರಿ ಮಾಡುತ್ತಿದ್ದ ಬಡಗಿ ಎದ್ದು ನಿಂತು ಕೂಗಿದ: "ತಾತಾ, 'ಸೇನಾಪತಿ, ಕೋಟೆಯ ಬಾಗಿಲು ತೆರೆಸು' ಅಂತೆ. ನಂಗೇ ಬಾಯಿಪಾಠ ಆಯ್ತು, ನಿಮಗಿನ್ನೂ ಆಗಲಿಲ್ವಾ?" ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ನಾನು ಕೈಯನ್ನು ಅಲ್ಲಿಂದ ತೆಗೆಯದೆ ಬಹಳ ಹೊತ್ತು ಬಗ್ಗಿಯೇ ಇದ್ದೆ. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು ಕಂದಾ. ಅಲ್ಲಿಂದ ನನ್ನವರೆಗೆ ಇದ್ದದ್ದು ಬರೀ ಗಾಳಿ.

ಅಂಚೆಯವನು ಬರುವ ಹೊತ್ತಾಯಿತು. ನಿನ್ನ ಬೆಸುಗೆ ಎಂದೂ ಬಿಡದಿರಲಿ, ನಿನ್ನ ಹಡಗು ಎಂದೂ ದಾರಿ ತಪ್ಪದಿರಲಿ. ನಿನ್ನ ಕ್ಯಾಪ್ಟನ್ನಿಗೆ ಒಬ್ಬ ಮಹಾರಾಜನ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ
ತಾತ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆಯಬೇಕು. ಅಜ್ಜಿಯನ್ನು ಕೇಳಿದೆ, ನಿನಗೆ ಗೊತ್ತಿತ್ತೇ ಎಂದು. "ದನಿ ಸೋತಿದೆ ಅಂದ್ರೆ ನನ್ನ ಸ್ಟೂಲು ಹೋಗುತ್ತೆ. ಕಿವಿ ಹೋಗಿದೆ ಅಂದ್ರೆ ನಿಮ್ಮ ಕಿರೀಟ ಹೋಗುತ್ತೆ. ಸ್ಟೂಲಿನ ಬೆಲೆ ಕಮ್ಮಿ ಅಲ್ವಾ?" ಎಂದಳು. ಈಗಷ್ಟೇ ಮ್ಯಾನೇಜರ ಮುಂದೆ ನಿಂತು, ಕೆಟ್ಟಿರುವುದು ಅವಳ ದನಿಯಲ್ಲ, ನನ್ನ ಕಿವಿ ಎಂದು ಹೇಳಿ ಬಂದೆ. ನೀನು ಬೇಗ ಒಂದು ಚಿತ್ರ ಬರೆದು ಕಳಿಸು: ಆ ಡಬ್ಬಿಯಿಂದ ಒಂದು ವೈರು ನನ್ನ ಕಿರೀಟದೊಳಗೆ, ಕಿವಿಯವರೆಗೆ ಬರಬೇಕು. ರಾಜನಿಗೆ ಬಾಲ ಬಂತು ಎಂದು ನಗುವವರು ನಗಲಿ. ಅಲ್ಲಿಯವರೆಗೆ ಅಜ್ಜಿ ಬೀಸಣಿಗೆ ಹಿಡಿದು ಸಿಂಹಾಸನದ ಪಕ್ಕದಲ್ಲೇ ನಿಂತು ಮಾತು ಹೇಳಲಿ ಎಂದು ಮ್ಯಾನೇಜರು ಒಪ್ಪಿದ್ದಾರೆ. ಅಜ್ಜಿ ಒಪ್ಪಿಲ್ಲ. "ಬೀಸಣಿಗೆ ಆಗಲ್ಲ. ರಾಣಿ ಆದ್ರೆ ಬರ್ತೀನಿ, ಕುರ್ಚಿ ಹಾಕ್ಸಿ" ಎನ್ನುತ್ತಿದ್ದಾಳೆ. ಬಡಗಿ ಕುರ್ಚಿಗೆ ಅಳತೆ ತೆಗೆದುಕೊಳ್ಳುತ್ತಿದ್ದಾನೆ.