ಪ್ರತಿ ಆರನೆಯ ಪದ

ಕೃಷ್ಣರಾಜನಗರ
೧೧-೨-೨೦೦೬

ಚಿ॥ ಸೌ॥ ಪವಿತ್ರಾಳಿಗೆ ನಿನ್ನ ತಂದೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ರೂಢಿ. ಇಂದು ಹಾಗೆ ಬರೆಯಲು ಕೈ ಒಪ್ಪುತ್ತಿಲ್ಲ. ನಿಮ್ಮ ಸಂಸ್ಥೆಯ ಜಾಲತಾಣದಿಂದ ಯೂರಿಯಾ ಹುಲ್ಲಿನ ಪುಟವನ್ನು ತೆಗೆಸೆಂದು ನಿನ್ನೆ ಫೋನಿನಲ್ಲಿ ಹೇಳಿದೆ. ಕಾರಣವಿಲ್ಲದೆ ಕಚೇರಿಯವರು ತೆಗೆಯುವುದಿಲ್ಲ, ಏನಾಯಿತು ಹೇಳಿ ಎಂದು ನೀನು ಕೇಳಿದಾಗ ಪತ್ರ ಬರೆಯುತ್ತೇನೆಂದು ಫೋನ್ ಇಟ್ಟುಬಿಟ್ಟೆ. ಕಾರಣ ಇಲ್ಲಿದೆ, ನಿಮ್ಮ ಅಧಿಕಾರಿಗಳಿಗೆ ಈ ಪತ್ರವನ್ನೇ ತೋರಿಸು.

ಭತ್ತದ ಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ ದನಗಳಿಗೆ ಮೇವು ಮಾಡುವ ಕ್ರಮವನ್ನು ನೀನು ಬರೆದು ನನಗೆ ಕಳುಹಿಸಿದ್ದೆ. ಅಕ್ಷರದೋಷವಿದ್ದರೆ ತಿದ್ದಿ ಎಂದಿದ್ದೆ. ನಾನು ಅದಕ್ಕೆ ಗಾಂಭೀರ್ಯ ಸಾಲದೆಂದು ಪೂರ್ತಿ ಬದಲಿಸಿದೆ. ಹಳ್ಳಿಯ ಮಾಹಿತಿ ಕೇಂದ್ರಗಳಲ್ಲಿ ರೈತರೇ ಓದುವ ಪುಟವಾದ್ದರಿಂದ ಅದರ ಸುಲಭತೆಯನ್ನು ಅಳೆಯಬೇಕೆಂದು ನೀನು ವಿಧಾನವನ್ನೂ ತಿಳಿಸಿದ್ದೆ: ಪ್ರತಿ ಆರನೆಯ ಪದವನ್ನು ಅಳಿಸಿ ಓದುಗರಿಗೆ ಕೊಡುವುದು, ಅರ್ಥದ ಎಳೆ ಹಿಡಿದು ಅರ್ಧಕ್ಕಿಂತ ಹೆಚ್ಚು ಪದಗಳನ್ನು ತುಂಬಿದರೆ ಭಾಷೆ ಅವರಿಗೆ ಎಟುಕಿದಂತೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹತ್ತು ಮಂದಿಯನ್ನು ಮನೆಯ ಜಗಲಿಗೆ ಕರೆಸಿದೆ. ಕಾಲುಭಾಗವನ್ನೂ ಅವರು ತುಂಬಲಿಲ್ಲ. ಅದು ಅವರ ಸೋಮಾರಿತನವೆಂದೇ ನನಗೆ ತೋರಿತು. ಪೂರ್ತಿ ಪುಟವನ್ನು ಕೈಗಿತ್ತು, ಮುಂದಿನ ಭಾನುವಾರ ಕಲಿತು ಬರಬೇಕೆಂದು ಗದರಿಸಿ ಕಳುಹಿಸಿದೆ. ಶಾಲೆ ಬಿಟ್ಟು ಎಷ್ಟು ವರ್ಷವಾದರೇನು, ಕಲಿತು ಬಂದರು. ಒಂದು ಜಾಗವೂ ಖಾಲಿ ಉಳಿಯಲಿಲ್ಲ. ನಿನಗೆ ಕಳುಹಿಸಿದ್ದು ಆ ಎರಡನೆಯ ಫಲಿತಾಂಶ.

ಅವರಲ್ಲಿ ಹೊಳೆಯಾಚೆಯ ಊರಿನ ಚಿಕ್ಕಬೀರಮ್ಮನೂ ಒಬ್ಬಳು. ಏಳನೆಯ ತರಗತಿಯವರೆಗೆ ಓದಿದವಳು. ‘ಮೂರು ವಾರ ಗಾಳಿಯಾಡದಂತೆ ಮುಚ್ಚಿಡಿ’ ಎಂದು ನೀನು ಬರೆದದ್ದನ್ನು ನಾನು ‘ತ್ರಿಸಪ್ತಾಹ ಪರ್ಯಂತ ನಿರ್ವಾತ ಸ್ಥಿತಿಯಲ್ಲಿ ಸಂರಕ್ಷಿಸತಕ್ಕದ್ದು’ ಎಂದು ಮಾಡಿದ್ದೆ. ‘ಪರ್ಯಂತ’ವನ್ನು ಆಕೆ ಒತ್ತಕ್ಷರವೂ ತಪ್ಪದಂತೆ ತುಂಬಿದ್ದಳು. ಕಳೆದ ವಾರ ಬೆಳಿಗ್ಗೆ ಯೂರಿಯಾ ಚಿಮುಕಿಸಿದ ಹುಲ್ಲನ್ನು ಸಂಜೆಯೇ ಹಸುವಿಗೆ ಹಾಕಿದಳು. ಹದಕ್ಕೆ ಬಾರದ ಆ ಹುಲ್ಲು ವಿಷವಾಗಿ, ಪಶುವೈದ್ಯರು ಬರುವಷ್ಟರಲ್ಲಿ ಹಸು ಸತ್ತಿತ್ತು.

ಸುದ್ದಿ ತಿಳಿದು ಹೋದೆ. ಆಕೆಯ ಗಂಡ ಜವರಯ್ಯ ಚಾಪೆ ಹಾಸಿ ಕೂರಿಸಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. “ಇವತ್ತೇ ಹಾಕ್ಬೋದಾ ಅಂತ ನಂಗೂ ಅನುಮಾನ ಬಂತು ಮೇಷ್ಟ್ರೆ. ನೀವು ಪಾಸ್ ಮಾಡಿರೋಳು ಇವಳು, ಇವಳೇಳ್ದಂಗೇ ಆಗ್ಲಿ ಬುಡು ಅಂದ್ಕಂಡೆ,” ಎಂದ.

ಚಿಕ್ಕಬೀರಮ್ಮ ತಲೆ ಎತ್ತಲಿಲ್ಲ. “ತಪ್ಪು ನಂದೇ ಕಣ್ರೀ ಮೇಷ್ಟ್ರೆ. ಪೂರಾ ಬಾಯಿಪಾಠ ಮಾಡಿದ್ದೆ. ಅಂಗಂದ್ರೇನು ಅಂತ ನಿಮ್ಮನ್ನ ಕೇಳಕ್ಕೆ ಭಯ ಆಯ್ತು.”

ಅವರು ಕೊಟ್ಟ ಹಾಲಿಲ್ಲದ ಕಾಫಿಯನ್ನು ಕುಡಿದೆ. ತಪ್ಪು ಆಕೆಯದಲ್ಲವೆಂದು ಹೇಳದೆಯೇ ಎದ್ದು ಬಂದೆ.

ಆ ಪುಟವನ್ನು ನಂಬಿ ಇನ್ನೊಬ್ಬರು ಹುಲ್ಲು ಹಾಕುವ ಮೊದಲು ಅದನ್ನು ತೆಗೆಸಮ್ಮ. ನಿನ್ನ ಬರಹವನ್ನೇ ಹಾಕಿಸು. ತಪ್ಪು ಯಾರದೆಂದು ಕೇಳಿದರೆ ನನ್ನ ಹೆಸರು ಹೇಳಲು ಸಂಕೋಚಪಡಬೇಡ. ನಾಳೆ ಜವರಯ್ಯನ ಮನೆಗೆ ಮತ್ತೆ ಹೋಗುತ್ತೇನೆ.

ಇತಿ,
ತಲೆ ತಗ್ಗಿಸಿರುವ ನಿನ್ನ ತಂದೆ,
ಶಿವನಂಜಪ್ಪ

ವಿ.ಸೂ.: ನಿನ್ನ ಮೂಲ ಬರಹವನ್ನೂ ಪದ ಅಳಿಸಿ ನಮ್ಮ ಬೀದಿಯ ಬೇರೆ ಹತ್ತು ಮಂದಿಗೆ ಕೊಟ್ಟಿದ್ದೆ. ನಿನಗೆ ತಿಳಿಸಲಿಲ್ಲ. ಯಾರೂ ಕಲಿತು ಬಂದಿರಲಿಲ್ಲ. ಕೂತಲ್ಲೇ ಮುಕ್ಕಾಲು ಪಾಲು ತುಂಬಿ ಎದ್ದರು. ಆ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದವನು ನಾನೇ.