ನೀನು ಆರಿಸಿ ತಂದ ವೈರಿಲ್ಲದ ಕಂಟ್ರೋಲರು

ಅಪ್ಪಾ,

ಎದೆ ಈಗ ಹಗುರಾಗಿದೆಯಾ? ನೀನಿರುವ ಕಡೆ ಕಲ್ಲಿನ ಧೂಳು ಇರಲಾರದು ಅಂದುಕೊಂಡಿದ್ದೇನೆ. ನಾನೂ ಅವ್ವನೂ ಕೆ.ಆರ್. ಪುರದ ಅದೇ ಬಾಡಿಗೆ ಕೋಣೆಯಲ್ಲಿದ್ದೇವೆ. ಬಾಗಿಲ ಪಕ್ಕದ ನಿನ್ನ ಮಂಚವನ್ನು ತೆಗೆಯಲು ಅವ್ವ ಬಿಟ್ಟಿಲ್ಲ. ಅದರ ಮೇಲೆ ಯಾರೂ ಮಲಗುವುದಿಲ್ಲ, ಒಗೆದ ಬಟ್ಟೆ ಮಡಚಿ ಇಡುತ್ತಾಳೆ ಅಷ್ಟೆ. ನಿನಗೊಂದು ಸುದ್ದಿ ಹೇಳಬೇಕು. ನನ್ನದು ನಿನ್ನದೇ ಬುದ್ಧಿ ನೋಡು, ಮೊದಲಿಂದ ಹೇಳದಿದ್ದರೆ ನನಗೆ ಹೇಳಲು ಬರುವುದಿಲ್ಲ.

ಟೀವಿಗೆ ಹಾಕಿ ಆಡುವ ಆ ಗೇಮ್ ಪೆಟ್ಟಿಗೆ ಮನೆಗೆ ಬಂದ ಸಂಜೆ ನೆನಪಿದೆಯಾ? ನೀನು ಇಂದಿರಾನಗರದ ಒಂದು ಮನೆಗೆ ಮಾರ್ಬಲ್ ಪಾಲಿಶ್ ಮಾಡಲು ಹೋಗಿದ್ದೆ. ಅವರ ಮಕ್ಕಳಿಗೆ ಹೊಸದು ಬಂದಿತ್ತಂತೆ, ಹಳೆಯದನ್ನು ನಿನ್ನ ಕೈಗೆ ಕೊಟ್ಟರು. ಸಿಮೆಂಟ್ ಚೀಲದಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಕೂಸನ್ನು ಹಿಡಿದ ಹಾಗೆ ಹಿಡಿದು ತಂದೆ. ಇದು ಹೊಟ್ಟೆಗೆ ಹಾಕುತ್ತದಾ ಎಂದು ಅವ್ವ ಕೇಳಿದ್ದಕ್ಕೆ ನೀನು ನಕ್ಕೆ, ನಕ್ಕಿದ್ದಕ್ಕೆ ಕೆಮ್ಮು ಬಂತು. ಆ ಕೆಮ್ಮು ಆಮೇಲೆ ನಿಲ್ಲಲೇ ಇಲ್ಲ. ಧೂಳು ಎದೆಯಲ್ಲಿ ಕೂತಿದೆ, ಇನ್ನು ಮೆಷಿನ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರು. ಗಾಳಿ ಬೇಕೆಂದು ನಿನ್ನ ಮಂಚ ಬಾಗಿಲಿಗೆ ಬಂತು.

ನಾನು ಗಾರ್ಮೆಂಟ್ಸಿನಿಂದ ಬಂದು ಬೈಕ್ ರೇಸ್ ಆಡುವುದನ್ನು ನೀನು ಅಲ್ಲಿಂದಲೇ ನೋಡುತ್ತಿದ್ದೆ. ಟೀವಿ ಎದುರು ಗೋಡೆಗೆ, ಕಂಟ್ರೋಲರಿನ ವೈರು ಅರ್ಧ ಕೋಣೆಗೇ ಮುಗಿಯುತ್ತಿತ್ತು. ನೆಲದ ಮೇಲೆ ಕೂತರೆ ನಿನಗೆ ಉಸಿರು ಕಟ್ಟುತ್ತಿತ್ತು. ಮಗಳನ್ನು ತಾಯಿ ಎಂದೇ ಕರೆಯುತ್ತಿದ್ದ ನೀನು ಒಂದು ದಿನ ಮೆಲ್ಲಗೆ ಅಂದೆ, "ವೈರಿಲ್ಲದವೂ ಸಿಗ್ತಾವಂತಲ್ಲ. ನೋಡ್ಕೊಂಡು ಬರೂಣೇನು ತಾಯಿ?" ಯಾದಗಿರಿ ಕಡೆಯಿಂದ ಈ ಊರಿಗೆ ಬಂದ ಮೇಲೆ ನಿನಗಾಗಿ ನೀನು ಏನನ್ನಾದರೂ ಕೇಳಿದ್ದು ಅದೊಂದೇ ಅಲ್ಲವಾ?

ಶಿವಾಜಿನಗರದ ಆ ಸಂದಿಯ ಅಂಗಡಿ ಕಣ್ಣಿಗೆ ಕಟ್ಟಿದ ಹಾಗಿದೆ. ಕಂಪನಿಯ ಅಸಲಿ ಕಂಟ್ರೋಲರು ನಮ್ಮ ಕೈಗೆಟುಕುವುದಲ್ಲ ಎಂದು ಅಂಗಡಿಯವನಿಗೆ ನಮ್ಮ ಚಪ್ಪಲಿ ನೋಡಿಯೇ ಗೊತ್ತಾಯಿತು. ಬೇರೆಯವರು ಮಾಡಿದ ಎರಡು ತರಹದ್ದನ್ನು ಮುಂದಿಟ್ಟ. ಮಿರಮಿರ ಮಿಂಚುವ ಒಂದು, ರೇಡಿಯೋ ಅಲೆಯದ್ದು, ಗೋಡೆ ಅಡ್ಡ ಬಂದರೂ ನಡೆಯುವಂಥದು. ಇನ್ನೊಂದು ಕಪ್ಪನೆಯದು, ಇನ್ನೂ ಅಗ್ಗ. ಅದರ ಜೊತೆಗೊಂದು ಪುಟ್ಟ ಡಬ್ಬಿ, ಅದನ್ನು ಗೇಮ್ ಪೆಟ್ಟಿಗೆಗೆ ಸಿಕ್ಕಿಸಬೇಕು. "ಇದು ಟೀವಿ ರಿಮೋಟ್ ಥರಾ ಭಾಯ್. ಡಬ್ಬಿ ಮುಂದೆ ಕೆಂಪು ಗಾಜು ಇದ್ಯಲ್ಲ, ಅದೇ ಇದ್ರ ಕಣ್ಣು. ಅಡ್ಡ ಏನೂ ಬರ್ಬಾರ್ದು," ಅಂದ.

ನಾನು ಮಿಂಚುವುದಕ್ಕೆ ಆಸೆಪಟ್ಟೆ. ನೀನು ಎರಡನ್ನೂ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿ ಕೇಳಿದೆ, ನೆಲಕ್ಕೆ ಕೂರಿಸಿದ ಕಲ್ಲನ್ನು ತಟ್ಟಿ ಟೊಳ್ಳಾ ಗಟ್ಟಿಯಾ ಎಂದು ಕೇಳುವ ಹಾಗೆ. ಮಿಂಚುವುದರ ಗುಂಡಿ ಒಳಗೆ ಅಲ್ಲಾಡುತ್ತದೆ ಅಂದೆ. ಕಪ್ಪನೆಯದಕ್ಕೆ ಗೂಡಂಗಡಿಯಲ್ಲಿ ಸಿಗುವ ಸೆಲ್ ಸಾಕು, ನಿನ್ನ ಸೆಟೆದ ಬೆರಳಿಗೂ ಅದು ಹಗುರ. ಅಂಗಡಿಯವನ ಟೀವಿಗೆ ಹಾಕಿಸಿ, ಸಂದಿಯ ಆಚೆ ಬದಿಗೆ ಹೋಗಿ ನಿಂತು ಆಡಿದೆ. ನಡುವೆ ಯಾರಾದರೂ ಹಾದರೆ ಬೈಕು ತಬ್ಬಿಬ್ಬಾಗುತ್ತಿತ್ತು. ನಮ್ಮ ಕೋಣೆಯಲ್ಲಿ ಅಡ್ಡ ಬರುವವರು ಯಾರಿದ್ದಾರೆ, ನಿನ್ನವ್ವ ಒಬ್ಬಳು, ಎಂದು ಕಪ್ಪನೆಯದನ್ನೇ ತೆಗೆದುಕೊಂಡೆ.

ಆಮೇಲೆ ಆ ಒಬ್ಬಳದೇ ಕಾಟವಾಯಿತು. ಅವ್ವ ಕೊಡ ಹೊತ್ತು ದಾಟಿದರೆ ನಿನ್ನ ಬೈಕು ಹೋಗಿ ಬೇಲಿಗೆ. ನೀನು ಗೊಣಗುವುದು, ಅವಳು ನನ್ನ ಸಂಸಾರ ನಡೆಯಬೇಕೋ ನಿಮ್ಮ ಬೈಕೋ ಎಂದು ಬೈಯುವುದು. ಕಡೆಗೆ ಮಂಚದ ಮುಂದೆ ಬಂದಾಗಲೆಲ್ಲ ತಾನಾಗಿ ತಲೆ ತಗ್ಗಿಸಿ ದಾಟುವುದನ್ನು ಕಲಿತಳು. ಆಡುವಾಗ ನಿನಗೆ ಕೆಮ್ಮು ಕಡಿಮೆ ಎಂದು ಅವಳಿಗೂ ಗೊತ್ತಿತ್ತು. ಜೀವಮಾನದಲ್ಲಿ ಸೈಕಲ್ಲನ್ನೂ ಕೊಳ್ಳದವನು ಮಲಗಿದಲ್ಲೇ ಬೈಕು ಓಡಿಸಿದೆ. ಅಷ್ಟು ಒಳ್ಳೆಯ ದಿನಗಳು ನಮಗೆ ಮತ್ತೆ ಬರಲಿಲ್ಲ.

ಮಾನೌಮಿ ಬಂತು. ಇಲ್ಲಿಯವರ ಆಯುಧಪೂಜೆ, ನಿನ್ನ ಬಾಯಲ್ಲಿ ಖಂಡೇಪೂಜಿ. ಮೂಲೆಯಲ್ಲಿ ಸುಮ್ಮನೆ ಕೂತ ಪಾಲಿಶ್ ಮೆಷಿನ್ನಿಗೆ ನೀನು ಚೆಂಡು ಹೂ ಹಾಕಿದೆ, ಗೇಮ್ ಪೆಟ್ಟಿಗೆಗೂ ಹಾಕಿದೆ. ಅದಕ್ಕೆ ಯಾಕೆ ಎಂದು ಅವ್ವ ಕೇಳಿದರೆ, "ಅನ್ನ ಕೊಡೋದಕ್ಕಷ್ಟೇ ಅಲ್ಲ, ನಗಸೋದಕ್ಕೂ ಪೂಜಿ ಆಗ್ಬೇಕು," ಅಂದೆ. ಗೋಡೆ ಹಿಡಿದು ನಡೆದುಹೋಗಿ, ಆ ಪುಟ್ಟ ಡಬ್ಬಿಯ ಮುಖಕ್ಕೂ ಮೂರು ಬೆರಳಿನ ವಿಭೂತಿ ಎಳೆದು ನಡುವೆ ದಪ್ಪಗೆ ಕುಂಕುಮ ಇಟ್ಟೆ. ಮರುದಿನ ಅದು ನಡೆಯಲಿಲ್ಲ. ಸೆಲ್ ಬದಲಾಯಿಸಿದೆವು, ತಟ್ಟಿದೆವು, ಕುಲುಕಿದೆವು. ಅಂಗಡಿಗೆ ಹೋಗಿ ಕೇಳಿದರೆ, ಅಗ್ಗದ ಮಾಲಿಗೆ ಗ್ಯಾರಂಟಿ ಎಲ್ಲಿಂದ ಅಂದ.

ಆ ದಿನ ನೀನು ಕಂಟ್ರೋಲರನ್ನು ದಿಂಬಿನ ಕೆಳಗೆ ಇಟ್ಟು ಗೋಡೆ ಕಡೆ ತಿರುಗಿದೆ. "ಊರು ಬಿಟ್ಟಿದ್ದೂ ತಪ್ಪು, ಕಲ್ಲಿನ ಕೆಲಸ ಹಿಡದಿದ್ದೂ ತಪ್ಪು. ಆಡೋ ಸಾಮಾನೊಂದು ನೋಡಿ ತರ್ಲಿಕ್ಕೂ ಬರ್ಲಿಲ್ಲ ನನಗ." ನಾನು ಹಾಗೆಲ್ಲ ಅನ್ನಬೇಡ ಎಂದೆ. ನೀನು ಕೇಳಿಸಿಕೊಳ್ಳಲಿಲ್ಲ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಹೋಗಿಬಿಟ್ಟೆ. ಆ ಮಾತನ್ನು ನಿಜವೆಂದು ನಂಬಿಕೊಂಡೇ ಹೋದೆಯಲ್ಲ ಅಪ್ಪಾ, ಅದು ನನ್ನನ್ನು ನಿನ್ನ ಸಾವಿಗಿಂತ ಹೆಚ್ಚು ಸುಟ್ಟಿದೆ.

ಹೋದ ವರ್ಷದ ಮಾನೌಮಿಗೆ ನೀನು ಹೋಗಿ ವರ್ಷ ತುಂಬಿರಲಿಲ್ಲ, ಹಬ್ಬ ಮಾಡಲಿಲ್ಲ. ಈ ಸಲ ಅವ್ವ ಎಲ್ಲ ಸಾಮಾನು ಒರೆಸು ಅಂದಳು. ನಿನ್ನ ಟವೆಲಿನಲ್ಲಿ ಕಟ್ಟಿಟ್ಟಿದ್ದ ಕಂಟ್ರೋಲರು, ಡಬ್ಬಿಯನ್ನು ಬಿಚ್ಚಿದೆ. ಡಬ್ಬಿಯ ಮುಖದ ಮೇಲೆ ನಿನ್ನ ಮೂರು ಬೆರಳು ಹಾಗೇ ಇದ್ದವು, ಗಟ್ಟಿಯಾಗಿ ಒಣಗಿ. ಪೂಜೆಯ ವಿಭೂತಿ ತಾನಾಗಿ ಹೋಗಬೇಕು, ನಾವು ಒರೆಸಬಾರದು ಎನ್ನುವುದು ನಿನ್ನದೇ ಕಟ್ಟಳೆ. ಅದಕ್ಕೇ ಆಗ ಯಾರೂ ಮುಟ್ಟಿರಲಿಲ್ಲ. ಈಗ ಒರೆಸಲು ನನಗೂ ಮನಸ್ಸು ಬರಲಿಲ್ಲ, ಆದರೂ ಒದ್ದೆ ಬಟ್ಟೆ ಹಚ್ಚಿದೆ. ಕೆಳಗಿಂದ ಆ ಕೆಂಪು ಗಾಜು ಕಾಣಿಸಿತು. ಅಂಗಡಿಯವನು ಕಣ್ಣು ಎಂದು ತೋರಿಸಿದ್ದನ್ನು ನೀನು ಹಣೆ ಅಂದುಕೊಂಡು ವಿಭೂತಿಯಿಂದ ಮುಚ್ಚಿದ್ದೆ. ನಾವು ಮೂವರೂ ಹಾಗೇ ಅಂದುಕೊಂಡಿದ್ದೆವು.

ಹೊಸ ಸೆಲ್ ಹಾಕಿ ನಿನ್ನ ಮಂಚದ ಅಂಚಿನಲ್ಲಿ ಕೂತು ಗುಂಡಿ ಒತ್ತಿದೆ. ಬೈಕು ಹೊರಟಿತು. ಒಲೆ ಕಡೆಯಿಂದ ಬಂದ ಅವ್ವ ಹಳೆಯ ಅಭ್ಯಾಸದಂತೆ ಮಂಚದ ಮುಂದೆ ತಲೆ ತಗ್ಗಿಸಿ ದಾಟಿದಳು. ದಾಟಿದ ಮೇಲೆ ಗಕ್ಕನೆ ನಿಂತಳು.

"ನಡೀತದೇನು?"

"ನಡೀತದವ್ವಾ. ಅಪ್ಪ ಚಲೋದೇ ತಂದಿದ್ದ."

ಅವಳು ಮಡಚಿಟ್ಟ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ ಮಂಚದ ಮೇಲೆ ಕೂತು ತುಂಬ ಹೊತ್ತು ಅತ್ತಳು. ಆಮೇಲೆ ಎದ್ದು ವಿಭೂತಿ ಕಲಸಿಕೊಂಡು ಬಂದಳು. ಈ ವರ್ಷ ಡಬ್ಬಿಯ ಬೆನ್ನಿಗೆ ಹಚ್ಚಿದ್ದೇವೆ ಅಪ್ಪಾ, ಪ್ರತಿ ವರ್ಷ ಅಲ್ಲಿಯೇ ಹಚ್ಚುತ್ತೇವೆ. ಊರು ಬಿಟ್ಟದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಇದನ್ನು ಮಾತ್ರ ನೀನು ಸರಿಯಾಗಿಯೇ ನೋಡಿ ತಂದಿದ್ದೆ. ಇಷ್ಟನ್ನಾದರೂ ಕೇಳಿಸಿಕೊಂಡು ಹೋಗಿದ್ದರೆ...

ನಿನ್ನ,
ತಾಯಿ